ಕೊನೆಯ ಹತ್ತು ನಿಮಿಷ

ಸಿನಿಮಾ ಮುಗಿಯುವ ಮೊದಲೇ ಸೀಟಿನಡಿ ಚಪ್ಪಲಿ ತಡಕುವವರ ಜಾತಿ ನನ್ನದಲ್ಲ. ನನಗೆ ಸಿನಿಮಾ ಅಂದರೆ ಅದರ ಕೊನೆ. ಮೊದಲರ್ಧ ತೂಕಡಿಸುತ್ತ ನೋಡಿದ ಚಿತ್ರವನ್ನೂ ಕೊನೆಯ ಹತ್ತು ನಿಮಿಷಕ್ಕಾಗಿ ಕ್ಷಮಿಸಿದ್ದೇನೆ. ತೀರಾ ಇಷ್ಟವಾದದ್ದಾದರೆ ರಾತ್ರಿ ಊಟವಾದ ಮೇಲೆ ಆ ಹತ್ತು ನಿಮಿಷವನ್ನಷ್ಟೇ ಮತ್ತೆ ಹಾಕಿಕೊಂಡು ಕೂರುತ್ತೇನೆ. ಅದರಲ್ಲೂ ಗಂಡಸು ಗಂಡಸನ್ನು ಪ್ರೀತಿಸುವ ಕಥೆಯಾದರೆ ಟೈಟಲ್ ಕಾರ್ಡಿನಿಂದಲೇ ಎದೆ ಡವಗುಟ್ಟಲು ಶುರು. ಇಬ್ಬರಲ್ಲಿ ಸಾಯುವವನು ಯಾರು? ನನ್ನಂಥ ಸಲಿಂಗಿ ಪ್ರೇಕ್ಷಕರು ಬಹುಕಾಲ ಪರದೆಗೆ ಕೇಳುತ್ತಿದ್ದ ಮೊದಲ ಪ್ರಶ್ನೆ ಇದೇ.

ಕೇಳದೆ ಇನ್ನೇನು? 1934ರಿಂದ ಹಾಲಿವುಡ್‌ನಲ್ಲಿ, ಪರದೆಗೆ ಏನು ಬರಬಹುದು ಎಂದು ಕಟ್ಟುಹಾಕುತ್ತಿದ್ದ ಹೇಸ್ ಸಂಹಿತೆ ಕಟ್ಟುನಿಟ್ಟಾಗಿ ಜಾರಿಯಲ್ಲಿದ್ದಷ್ಟು ಕಾಲ ಇಂಥ ಪ್ರೀತಿಯ ಹೆಸರೆತ್ತುವಂತಿರಲಿಲ್ಲ. ಕಟ್ಟು ಕೊಂಚ ಸಡಿಲವಾದಾಗ, 1961ರಲ್ಲಿ ಬಂದ 'ದಿ ಚಿಲ್ಡ್ರನ್ಸ್ ಅವರ್' ಚಿತ್ರದಲ್ಲಿ ಗೆಳತಿಯನ್ನು ಪ್ರೀತಿಸುವ ಮಾರ್ಥಾ ನೇಣು ಹಾಕಿಕೊಳ್ಳುತ್ತಾಳೆ. ಪರದೆಗೆ ಬರಬಹುದು, ಜೀವಸಹಿತ ಹೊರಹೋಗುವಂತಿಲ್ಲ ಅನ್ನುವ ಕರಾರು. ಹೀಗೆ ಸಾಯಿಸಿ ಸಾಯಿಸಿ ರೂಢಿಯಾದ ಮೇಲೆ ಆ ಸಾವಿಗೆ 'ವಾಸ್ತವ' ಎಂಬ ಬಿರುದೂ ಸಿಕ್ಕಿತು. ದುಃಖಾಂತ್ಯಕ್ಕೆ ನಾವು ಕನ್ನಡಿಗರೇನೂ ಹೆದರುವವರಲ್ಲ. 'ಮುಂಗಾರು ಮಳೆ'ಯಲ್ಲಿ ಪ್ರೇಮಿಗಳು ಒಂದಾಗದಿದ್ದರೂ ವರ್ಷ ದಾಟಿಸಿ ಓಡಿಸಿದೆವು. ಆದರೆ ಆಗ ಪಕ್ಕದ ಥೇಟರಿನಲ್ಲಿ ಮದುವೆಯಾಗಿ ಸುಖವಾಗಿರುವ ಇನ್ನೊಂದು ಜೋಡಿ ಇದ್ದೇ ಇರುತ್ತಿತ್ತು. ನಮ್ಮಂಥವರಿಗೆ ಆ ಪಕ್ಕದ ಥೇಟರೇ ಇರಲಿಲ್ಲ.

ಹಾಗಂತ ದುಃಖಾಂತ್ಯವೆಲ್ಲ ಸುಳ್ಳು ಅನ್ನಲು ಬಾಯಿ ಬಾರದು. ಆಂಗ್ ಲೀಯ 'ಬ್ರೋಕ್‌ಬ್ಯಾಕ್ ಮೌಂಟನ್' (2005) ನೋಡಿದವರು ಹಾಗನ್ನಲಾರರು. ಪ್ರೇಮಿ ಜ್ಯಾಕ್ ಸತ್ತ ಮೇಲೆ ಎನಿಸ್ ಅವನ ಅಪ್ಪ-ಅಮ್ಮನ ಮನೆಗೆ ಹೋಗುತ್ತಾನೆ. ಮಹಡಿ ಮೇಲೊಂದು ಕೋಣೆ, ಪುಟ್ಟ ಕಪಾಟು. ಅದರ ಸಂದಿಯಲ್ಲಿ ಒಂದೇ ಹ್ಯಾಂಗರಿಗೆ ಎರಡು ಅಂಗಿ, ಒಂದರೊಳಗೊಂದು. ಇಬ್ಬರೂ ಒಂದಾದ ಬೆಟ್ಟದಲ್ಲೇ ಬಿಟ್ಟುಬಂದೆ ಎಂದು ಎನಿಸ್ ಅಂದುಕೊಂಡಿದ್ದ ಅಂಗಿಯನ್ನು ಜ್ಯಾಕ್ ಎತ್ತಿಟ್ಟುಕೊಂಡು, ತನ್ನ ಅಂಗಿಯೊಳಗೆ ತೂರಿಸಿ, ಅಷ್ಟು ವರ್ಷ ಕಾಪಾಡಿದ್ದಾನೆ. ತೋಳಿನಲ್ಲಿ ಹಳೆಯ ರಕ್ತದ ಕಲೆ. ಜ್ಯಾಕ್‌ನ ಅಮ್ಮ ಏನೊಂದೂ ಕೇಳದೆ ಕಾಗದದ ಚೀಲ ಕೊಡುತ್ತಾಳೆ. ಕೊನೆಯ ದೃಶ್ಯದಲ್ಲಿ ಎನಿಸ್‌ನ ಟ್ರೈಲರ್ ಮನೆ; ಕಪಾಟಿನ ಬಾಗಿಲ ಒಳಬದಿಗೆ ಅವೇ ಅಂಗಿಗಳು, ಪಕ್ಕದಲ್ಲಿ ಬೆಟ್ಟದ ಪೋಸ್ಟ್‌ಕಾರ್ಡ್. ಈಗ ಎನಿಸ್‌ನದು ಹೊರಗೆ, ಜ್ಯಾಕ್‌ನದು ಒಳಗೆ. ಬದುಕಿದ್ದಾಗ ಅಪ್ಪಿಕೊಂಡು ನಿಲ್ಲಲು ಹೆದರಿದವನು ಈಗ ಹೀಗೆ ಅಪ್ಪಿಕೊಂಡಿದ್ದಾನೆ. ಅಂಗಿ ಅದಲುಬದಲು ಮಾಡಿದ್ದು ನಟ ಹೀತ್ ಲೆಡ್ಜರ್‌ನ ಉಪಾಯವಂತೆ.

ಮೂಲ ಕಥೆ ಬರೆದ ಆನಿ ಪ್ರೂ ಅವರಿಗೆ ಓದುಗರು ಕೊನೆಯನ್ನೇ ತಿದ್ದಿ ಬರೆದು ಕಳಿಸತೊಡಗಿದರು: ಜ್ಯಾಕ್ ಸತ್ತೇ ಇಲ್ಲ, ಅಥವಾ ಎನಿಸ್‌ಗೆ ಹೊಸ ಸಂಗಾತಿ ಸಿಕ್ಕ. ಆಕೆ ರೋಸಿಹೋಗಿ, ಆ ಕಥೆ ಬರೆಯದೇ ಇದ್ದಿದ್ದರೆ ಚೆನ್ನಾಗಿತ್ತು ಅಂದರು. ಅವರ ಸಿಟ್ಟು ನ್ಯಾಯವೇ. ಜ್ಯಾಕ್ ಬದುಕಿಕೊಂಡರೆ ಆ ಅಂಗಿಗೇನು ಕೆಲಸ? ಆದರೂ ತಿದ್ದಿದವರನ್ನು ಬಯ್ಯಲು ನನಗೆ ಮನಸ್ಸಿಲ್ಲ. ತನ್ನೆಲೆಗೆ ಏನೂ ಬಡಿಸದೆ ಬರೀ ಪಾಯಸದ ವರ್ಣನೆ ಕೇಳಿಸಿಕೊಂಡವನು ಪಕ್ಕದೆಲೆಗೆ ಕೈಹಾಕಿದ, ಅಷ್ಟೆ.

ನಿಜವಾದ ಸುಖಾಂತ್ಯ ಹೇಗಿರುತ್ತದೆ ಎಂದು ತೋರಿಸಿದ್ದು ಇ. ಎಂ. ಫಾರ್ಸ್ಟರ್. 'ಮೋರಿಸ್' ಕಾದಂಬರಿಯನ್ನು ಆತ ಬರೆದದ್ದು 1913-14ರಲ್ಲಿ. ಅದೂ ಗಂಡು ಗಂಡನ್ನು ಪ್ರೀತಿಸುವ ಕಥೆ; ಇಂಗ್ಲೆಂಡಿನಲ್ಲಿ ಅಂಥ ಸಂಬಂಧಕ್ಕೆ ಆಗ ಜೈಲು. ಸುಖಾಂತ್ಯ ಬೇಕೇ ಬೇಕು ಎಂದು ಹಟ ಹಿಡಿದು ಬರೆದ. ನಾಯಕ ನೇಣಿಗೆ ಬಿದ್ದಿದ್ದರೆ ಪುಸ್ತಕ ಅಚ್ಚಾಗುವುದು ಸುಲಭವಿತ್ತು ಎಂದು ಮುಂದೆ ತಾನೇ ಟಿಪ್ಪಣಿ ಬರೆದಿಟ್ಟ. ಅದು ಅಚ್ಚಾದದ್ದು ಆತ ತೀರಿಕೊಂಡ ಮೇಲೆ, 1971ರಲ್ಲಿ. ಸಾವನ್ನು ಬರೆದರೆ ಮರ್ಯಾದೆ, ಸುಖವನ್ನು ಬರೆದರೆ ಅಪರಾಧ! ಇಷ್ಟು ಗೊತ್ತಾದ ಮೇಲೆ ಸುಖಾಂತ್ಯವನ್ನು ಹೇಡಿಗಳ ದಾರಿ ಅನ್ನುವವರ ಮಾತಿಗೆ ನಾನು ಕಿವಿಗೊಡುವುದಿಲ್ಲ.

ಜೇಮ್ಸ್ ಐವರಿ ಇದನ್ನು 1987ರಲ್ಲಿ ಸಿನಿಮಾ ಮಾಡಿದರು. ಮೋರಿಸ್ ಮತ್ತು ಎಸ್ಟೇಟಿನ ಬೇಟೆಕಾವಲಿನ ಆಳು ಸ್ಕಡರ್ ದೋಣಿಮನೆಯಲ್ಲಿ ಒಂದಾಗುತ್ತಾರೆ. ಚಿತ್ರ ಅಲ್ಲಿಗೇ ನಿಲ್ಲುವುದಿಲ್ಲ. ಹಿಂದೊಮ್ಮೆ ಮೋರಿಸ್‌ನನ್ನು ಪ್ರೀತಿಸಿ, ಆಮೇಲೆ ಹೆದರಿ ಮದುವೆಯಾದ ಕ್ಲೈವ್‌ನ ಬಂಗಲೆಗೆ ಹೋಗುತ್ತದೆ. ಕ್ಲೈವ್ ಕಿಟಕಿಯ ಕದಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದು ಒಂದರ ಬಳಿ ತಡೆಯುತ್ತಾನೆ. ಕೇಂಬ್ರಿಜ್‌ನ ದಿನಗಳ ಎಳೆಯ ಮೋರಿಸ್ ಅವನ ಕಣ್ಣಮುಂದೆ ಬಂದು ಕೈಬೀಸುತ್ತಾನೆ. ಗೆದ್ದ ಜೋಡಿ ಸುಖವಾಗಿದೆ. ಸೂತಕವೆಲ್ಲ ಈ ಮರ್ಯಾದಸ್ಥನ ಪಾಲಿಗೆ. ನನಗೆ ಬೇಕಾದ ಸುಖಾಂತ್ಯ ಇದು: ಕಳೆದುಕೊಂಡದ್ದರ ಲೆಕ್ಕವನ್ನು ಮುಚ್ಚಿಡದೆ, ಅದನ್ನು ಬೇರೆಯವರ ಖಾತೆಗೆ ಬರೆಯುವುದು.

ಇನ್ನು ಶೋಕದ ವಿಷಯ. ಟಾಮ್ ಫೋರ್ಡ್‌ನ 'ಎ ಸಿಂಗಲ್ ಮ್ಯಾನ್' (2009) ಚಿತ್ರದಲ್ಲಿ ಜಾರ್ಜ್‌ಗೆ ಸಂಗಾತಿ ಸತ್ತ ಸುದ್ದಿ ಫೋನಿನಲ್ಲಿ ಬರುತ್ತದೆ. ಅಂತ್ಯಕ್ರಿಯೆ ಮನೆಯವರಿಗೆ ಮಾತ್ರ ಎಂದೂ ಅದೇ ಫೋನ್ ಹೇಳುತ್ತದೆ. ಜಾರ್ಜ್ ಆಗಿ ನಟಿಸಿದ ಕಾಲಿನ್ ಫರ್ತ್ ಮುಖದ ಮೇಲೆಯೇ ಕ್ಯಾಮೆರಾ. ಅವನು ವಂದನೆ ಹೇಳಿ ಫೋನಿಡುತ್ತಾನೆ. ಹದಿನಾರು ವರ್ಷದ ಸಂಸಾರ ಅಷ್ಟಕ್ಕೆ ಮುಗಿಯಿತು. ಅಳುವುದಕ್ಕೂ ಹಕ್ಕುಪತ್ರ ಕೇಳುವ ಈ ಲೋಕವನ್ನು ತೋರಿಸುವುದೇ ವಾಸ್ತವವಾದ. ಸುಮ್ಮನೆ ಹೆಣ ಬೀಳಿಸುವುದಲ್ಲ. ಏಡ್ಸ್ ಕಾಲದ 'ಲಾಂಗ್‌ಟೈಮ್ ಕಂಪ್ಯಾನಿಯನ್' (1989) ಅಂತೂ ಗೆಳೆಯರನ್ನು ಒಬ್ಬೊಬ್ಬರಾಗಿ ಕಳಿಸಿಕೊಟ್ಟು, ಕೊನೆಗೆ ಸಮುದ್ರತೀರದಲ್ಲಿ ಸತ್ತವರನ್ನೆಲ್ಲ ನಗುತ್ತ ವಾಪಸು ಕರೆತರುತ್ತದೆ. ಅದು ಕನಸು, ಮರುಕ್ಷಣ ದಡ ಖಾಲಿ. ನಿರ್ದೇಶಕ ನಾರ್ಮನ್ ರೆನೆ 1996ರಲ್ಲಿ ಅದೇ ಕಾಯಿಲೆಯಿಂದ ತೀರಿಕೊಂಡರು. ಆ ಕನಸನ್ನು ಭಾವುಕತೆ ಎಂದು ಜರೆಯುವ ಧೈರ್ಯ ನನಗಿಲ್ಲ.

ಈಚೆಗೆ ನೆರೆಯ ಮರಾಠಿಯಲ್ಲಿ ಒಂದು ಚಿತ್ರ ಬಂದಿದೆ, ರೋಹನ್ ಕಾನವಡೆಯವರ 'ಸಾಬರ್ ಬೋಂಡಂ'. 2025ರ ಸನ್‌ಡಾನ್ಸ್ ಉತ್ಸವದಲ್ಲಿ ವಿಶ್ವ ಸಿನಿಮಾ ವಿಭಾಗದ ದೊಡ್ಡ ಪ್ರಶಸ್ತಿ ಗೆದ್ದದ್ದು. ಅಪ್ಪ ಸತ್ತನೆಂದು ಮುಂಬಯಿಯಿಂದ ಊರಿಗೆ ಬರುವ ಆನಂದ, ಹತ್ತು ದಿನದ ಸೂತಕ, ಮದುವೆಗೆ ಒತ್ತಾಯಿಸುವ ನೆಂಟರು, ಬಾಲ್ಯದ ಗೆಳೆಯ ಬಾಳ್ಯಾ. ಹಿನ್ನೆಲೆ ಸಂಗೀತವೂ ಇಲ್ಲ. ಸಾವು ಶುರುವಿಗೇ ಆಗಿಹೋಗಿರುವುದರಿಂದ ಕೊನೆಯನ್ನು ಬದುಕುವವರಿಗೆ ಬಿಟ್ಟುಕೊಡಲಾಗಿದೆ. ಎಲ್ಲ ಗೊತ್ತಿದ್ದೂ ಮಗನ ಬೆನ್ನಿಗೆ ನಿಲ್ಲುವ ತಾಯಿ ಇದರಲ್ಲಿದ್ದಾಳೆ. ಸಲಿಂಗಿಯೊಬ್ಬನ ಬದುಕಿನ ಕಥೆಗಳಾದ ವಸುಧೇಂದ್ರರ 'ಮೋಹನಸ್ವಾಮಿ' ಓದಿ ಬೆಳೆದ ನಮಗೆ ಇದು ದೂರದ ಕಥೆಯಲ್ಲ. ಸಿಕ್ಕರೆ ನೋಡಿ, ಸಾಧ್ಯವಾದರೆ ಅಮ್ಮನನ್ನೂ ಪಕ್ಕಕ್ಕೆ ಕೂರಿಸಿಕೊಂಡು ನೋಡಿ.