ಸೋಲ್ನಾದಲ್ಲೊಂದು ಸಪ್ಪೆ ಗೆಲುವು

2017ರ ಮೇ ತಿಂಗಳಿನಲ್ಲಿ ಆಫೀಸಿನ ಕೆಲಸದ ಮೇಲೆ ಆರು ವಾರ ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ನಲ್ಲಿ ಇರಬೇಕಾಗಿ ಬಂದಿತ್ತು. ಆ ಊರಿಗೆ ಹೋಗಿಬಂದವರು ಅಲ್ಲಿನ ದ್ವೀಪಗಳು, ಅರಮನೆ, 1628ರಲ್ಲಿ ಮೊದಲ ಯಾನದಲ್ಲೇ ಮುಳುಗಿದ ವಾಸಾ ಹಡಗಿನ ಮ್ಯೂಸಿಯಂ ಇವನ್ನೆಲ್ಲ ವರ್ಣಿಸುವುದು ವಾಡಿಕೆ. ಅವನ್ನು ನಾನೂ ನೋಡಿದೆ, ಫೋಟೋ ತೆಗೆದೆ. ಆದರೆ ಇಲ್ಲಿ ಹೇಳಹೊರಟಿರುವುದು ಒಂದು ಫುಟ್‌ಬಾಲ್ ಪಂದ್ಯದ ಸಂಗತಿ. ಅದೂ ನೋಡುವಾಗ ಆಕಳಿಕೆ ಬರಿಸಿದ ಪಂದ್ಯ.

ಮೊದಲು ನನ್ನ ಈ ಹುಚ್ಚಿನ ಪೂರ್ವೇತಿಹಾಸ. ಗೋರೆಗಾಂವ್‌ನ ಚಾಳಿನಲ್ಲಿ ಎರಡು ಕೋಣೆಗಳ ಮನೆ ನಮ್ಮದು. ಅಪ್ಪಯ್ಯ ಕುಂದಾಪುರದ ಕಡೆಯಿಂದ ಹದಿನಾರನೆಯ ವಯಸ್ಸಿಗೇ ಮುಂಬಯಿಗೆ ಬಂದು, ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುವಲ್ಲಿಂದ ಗಲ್ಲೆಯ ತನಕ ಏರಿದವರು. ಬೆಳಗಿನ ನಾಲ್ಕಕ್ಕೆ ಏಳಬೇಕಾದ ಅವರಿಗೆ ರಾತ್ರಿಯ ಟಿ.ವಿ. ಎಂದರೆ ಆಗದು. 1999ರ ಮೇ 26ರ ರಾತ್ರಿ ಬಾರ್ಸಿಲೋನಾದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಬಾಯರ್ನ್ ಮ್ಯೂನಿಕ್ ಆಡಿದ ಫೈನಲ್ಲನ್ನು ನಾನು ದನಿ ಪೂರ್ತಿ ಇಳಿಸಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತು ನೋಡಿದೆ. ತೊಂಬತ್ತು ನಿಮಿಷ ಮುಗಿದಾಗ ಸೋಲುತ್ತಿದ್ದ ತಂಡ ಹೆಚ್ಚುವರಿ ಸಮಯದಲ್ಲಿ ಎರಡು ಗೋಲು ಹೊಡೆಯಿತು. ಷೆರಿಂಗ್‌ಹ್ಯಾಮ್ ಒಂದು, ಸೋಲ್ಶಯರ್ ಒಂದು. ನಾನು ಕಿರುಚಿದ ಕಿರುಚಿಗೆ ಅಪ್ಪಯ್ಯ ಗಾಬರಿಯಿಂದ ಎದ್ದು, “ಎಂತ ಆಯ್ತಾ? ಯಾರು ಹೋದ್ರು?” ಎಂದು ಕೇಳಿದರು. ನಡುರಾತ್ರಿ ಯಾರಾದರೂ ಕೂಗಿದರೆ ಅವರ ಲೆಕ್ಕದಲ್ಲಿ ಊರಿನಿಂದ ಸಾವಿನ ಸುದ್ದಿಯೇ. ವಿಷಯ ತಿಳಿದ ಮೇಲೆ, “ಮ್ಯಾಂಚೆಸ್ಟರ್ ನಮಗೆ ಎಂತ ಆಗ್ಬೇಕು?” ಎಂದು ಗೊಣಗಿ ಮಲಗಿದರು. ಅವರಿಗೆ ಗೊತ್ತಿದ್ದ ಮ್ಯಾಂಚೆಸ್ಟರ್ ಬಟ್ಟೆಯದು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರಲ್ಲ, ಆ ಲೆಕ್ಕ.

ಇರಲಿ. ಹದಿನೆಂಟು ವರ್ಷಗಳ ನಂತರ, ನಾನು ಸ್ಟಾಕ್‌ಹೋಮ್‌ನಲ್ಲಿದ್ದಾಗಲೇ ಯುರೋಪಾ ಲೀಗ್ ಫೈನಲ್ ಆ ಊರಿನ ಮಗ್ಗುಲಿನ ಸೋಲ್ನಾದಲ್ಲಿ ನಡೆಯುವುದೆಂದೂ, ಅದರಲ್ಲಿ ಯುನೈಟೆಡ್ ಹಾಲೆಂಡಿನ ಅಯಾಕ್ಸ್ ತಂಡದೊಡನೆ ಆಡುವುದೆಂದೂ ಆಯಿತು. ಟಿಕೆಟು ಸಿಕ್ಕಿದ್ದ ಸಹೋದ್ಯೋಗಿಯೊಬ್ಬನಿಗೆ ಅಂದು ಬಿಡುವಿರಲಿಲ್ಲ. ಅವನ ಚೀಟಿ ನನ್ನ ಪಾಲಿಗೆ ಬಂತು. ಊರಿನ ಹೆಸರಿನಲ್ಲೇ ಸೋಲಿದೆಯಲ್ಲ ಎಂದು ತಮಾಷೆ ಮಾಡಿಕೊಂಡು ದಿನ ಎಣಿಸುತ್ತಿದ್ದೆ.

ಪಂದ್ಯ ಬುಧವಾರ, ಮೇ 24. ಸೋಮವಾರ ರಾತ್ರಿ ಮ್ಯಾಂಚೆಸ್ಟರಿನ ಸಂಗೀತ ಕಾರ್ಯಕ್ರಮವೊಂದು ಮುಗಿದು ಜನ ಹೊರಬರುವಾಗ ಆತ್ಮಾಹುತಿ ಬಾಂಬು ಸಿಡಿಯಿತು. 22 ಜನ ಸತ್ತರು. ಎಲ್ಲರಿಗಿಂತ ಚಿಕ್ಕವಳಿಗೆ ಎಂಟು ವರ್ಷ. ಹಲವು ತಂದೆತಾಯಿಗಳು ಮಕ್ಕಳನ್ನು ಮನೆಗೆ ಕರೆದೊಯ್ಯಲೆಂದು ಹೊರಗೆ ಕಾಯುತ್ತಿದ್ದವರು. ಮರುದಿನ ಬ್ರಿಟನ್ನಿನಲ್ಲಿ ಚುನಾವಣಾ ಪ್ರಚಾರ ನಿಂತಿತು, ಬೀದಿಗೆ ಸೈನಿಕರನ್ನು ಇಳಿಸುವ ನಿರ್ಧಾರವಾಯಿತು. ಯುನೈಟೆಡ್ ತಂಡ ಪಂದ್ಯಕ್ಕೆ ಮುಂಚಿನ ಪತ್ರಿಕಾಗೋಷ್ಠಿಯನ್ನು ರದ್ದು ಮಾಡಿತು. ಪಂದ್ಯ ಮಾತ್ರ ನಡೆಯುತ್ತದೆ ಎಂದರು.

ಸ್ಟಾಕ್‌ಹೋಮ್ ಕೂಡ ಆಗ ಗಾಯ ಮಾಯದ ಊರು. ಏಪ್ರಿಲ್ 7ರಂದು ಕದ್ದ ಲಾರಿಯೊಂದನ್ನು ಒಬ್ಬಾತ ದ್ರೋಟ್ನಿಂಗ್‌ಗಾತನ್ ಎಂಬ ಪಾದಚಾರಿ ರಸ್ತೆಯಲ್ಲಿ ಜನರ ಮೇಲೆ ಹಾಯಿಸಿ ಐವರನ್ನು ಕೊಂದಿದ್ದ. ಹೆಸರಿನ ಅರ್ಥ ರಾಣಿಯ ಬೀದಿ. ನಮ್ಮ ದಾದರಿನ ರಾನಡೆ ರೋಡಿನ ಹಾಗೆ ಅಂಗಡಿಗಳ ಸಾಲು. ವಾಹನ ತಡೆಯಲೆಂದು ಅಲ್ಲಿ ಕಾಂಕ್ರೀಟಿನ ಸಿಂಹಗಳನ್ನು ಇಟ್ಟಿದ್ದಾರೆ. ಮಕ್ಕಳು ಅವುಗಳ ಬೆನ್ನೇರಿ ಐಸ್‌ಕ್ರೀಮ್ ತಿನ್ನುತ್ತಿರುತ್ತಿದ್ದರು. ಆ ಬೀದಿಯಲ್ಲಿ ನಡೆಯುವಾಗೆಲ್ಲ ನನ್ನ ಬೆನ್ನಿನ ಚೀಲವನ್ನು ಯಾರಾದರೂ ನೋಡುತ್ತಿದ್ದಾರೆಯೇ ಎಂಬ ಸಂಶಯ. ನಿಜವಾಗಿ ಯಾರೂ ನೋಡುತ್ತಿರಲಿಲ್ಲವೇನೋ. ಕಂದು ಬಣ್ಣದ ಮನುಷ್ಯನಿಗೆ ಅಂಥ ದಿನಗಳಲ್ಲಿ ತನ್ನ ಚೀಲವೇ ಭಾರವಾಗುತ್ತದೆ.

ಇಂಥ ಹೊತ್ತಿನಲ್ಲಿ ಆಟ ನೋಡಲು ಹೋಗುವುದು ಸರಿಯೇ ಎಂದು ಮಂಗಳವಾರವಿಡೀ ಯೋಚಿಸಿದೆ. ಬುಧವಾರ ಸಂಜೆ ಹೊರಟೆ. ಕೊಟ್ಟ ಟಿಕೆಟು ಹಾಳಾಗಬಾರದು ಎಂಬ ಮುಂಬಯಿ ಬುದ್ಧಿಯೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಸ್ಟಾಕ್‌ಹೋಮ್‌ನ ನೆಲದಡಿಯ ರೈಲು ನಿಲ್ದಾಣಗಳು ಒಂದೊಂದೂ ಒಂದು ಚಿತ್ರಶಾಲೆ. ನೀಲಿ ಮಾರ್ಗದಲ್ಲಿ ಸೋಲ್ನಾ ಸೆಂಟ್ರುಮ್ ಎಂಬ ನಿಲ್ದಾಣ 1975ರಲ್ಲಿ ತೆರೆದದ್ದು. ಬಂಡೆ ಕೊರೆದ ಗುಹೆ. ಛಾವಣಿಯೆಲ್ಲ ಸೂರ್ಯಾಸ್ತದ ಕೆಂಪು, ಗೋಡೆಯ ಉದ್ದಕ್ಕೂ ಹಸಿರು ಕಾಡು. ಮೊದಲ ಸಲ ನೋಡಿದಾಗ ನಮ್ಮ ಯಕ್ಷಗಾನದ ರಾಕ್ಷಸನ ಒಡ್ಡೋಲಗ ನೆನಪಾಯಿತು. ಹತ್ತಿರ ಹೋಗಿ ನೋಡಿದರೆ ಆ ಕಾಡಿನ ನಡುವೆ ಸಣ್ಣ ಸಣ್ಣ ಚಿತ್ರಗಳು: ಕಾಡು ಕಡಿಯುವುದು, ಹಳ್ಳಿಗಳು ಬರಿದಾಗುವುದು. ಎಪ್ಪತ್ತರ ದಶಕದಲ್ಲಿ ಸ್ವೀಡನ್ನಿನ ಹಳ್ಳಿಗರು ಊರು ಬಿಟ್ಟು ಪಟ್ಟಣ ಸೇರುತ್ತಿದ್ದ ಚಿಂತೆಯನ್ನೇ ಇಬ್ಬರು ಕಲಾವಿದರು ನಿಲ್ದಾಣದಲ್ಲಿ ಬಿಡಿಸಿದ್ದಾರೆ. ಸುಮಾರು ಅದೇ ಕಾಲದಲ್ಲಿ ನಮ್ಮ ಅಪ್ಪಯ್ಯನೂ ಕುಂದಾಪುರದಿಂದ ಬಸ್ಸು ಹತ್ತಿದ್ದರು. ಅವರ ಚಿತ್ರವನ್ನು ಯಾವ ಸ್ಟೇಷನ್ನಿನ ಗೋಡೆಯ ಮೇಲೂ ಯಾರೂ ಬಿಡಿಸಿಲ್ಲ.

ಕ್ರೀಡಾಂಗಣಕ್ಕೆ ಆಗ ಫ್ರೆಂಡ್ಸ್ ಅರೇನಾ ಎಂದು ಹೆಸರು. 2024ರಲ್ಲಿ ಅದು ಸ್ಟ್ರಾಬೆರಿ ಅರೇನಾ ಆಯಿತು. ಒಳಗೆ ಹೋಗುವ ಮುನ್ನ ಎರಡು ಕಡೆ ತಪಾಸಣೆ. ರಾತ್ರಿ ಎಂಟೂಮುಕ್ಕಾಲಾದರೂ ಹೊರಗೆ ಚೆನ್ನಾಗಿ ಬೆಳಕು. ಉದ್ಘಾಟನೆಯ ಕುಣಿತ-ಮಣಿತಗಳನ್ನು ತೀರಾ ಕಡಿಮೆ ಮಾಡಿದ್ದರು. ಯುನೈಟೆಡ್ ಆಟಗಾರರ ತೋಳಿಗೆ ಕಪ್ಪುಪಟ್ಟಿ. ಮೌನಾಚರಣೆಯ ನಂತರ ಒಂದು ಮೂಲೆಯಿಂದ “ಮ್ಯಾಂಚೆಸ್ಟರ್, ಮ್ಯಾಂಚೆಸ್ಟರ್” ಎಂದು ಕೂಗು ಎದ್ದಿತು. ತಂಡದ ಹೆಸರನ್ನಲ್ಲ, ಊರಿನ ಹೆಸರನ್ನು ಕರೆಯುತ್ತಿದ್ದಾರೆ ಎನ್ನುವುದು ದನಿಯಲ್ಲೇ ತಿಳಿಯುತ್ತಿತ್ತು.

ಇನ್ನು ಆಟ. ಅಯಾಕ್ಸ್ ಹುಡುಗರ ಸರಾಸರಿ ವಯಸ್ಸು ಇಪ್ಪತ್ತಮೂರೂ ತುಂಬಿರಲಿಲ್ಲ. ರಕ್ಷಣೆಯಲ್ಲಿದ್ದ ಡಿ ಲಿಖ್ಟ್ ಹದಿನೇಳರವನು. ನಿಮ್ಮಲ್ಲಿ ಕೆಲವರು ಹನ್ನೆರಡನೆಯ ಕ್ಲಾಸಿನ ಪರೀಕ್ಷೆಗೆ ಓದುತ್ತಿರುವ ವಯಸ್ಸು. ಚೆಂಡು ಬಹುಪಾಲು ಅವರ ಕಾಲಲ್ಲೇ ಇತ್ತು. ಚೆಂದವಾಗಿ ಕೊಟ್ಟು ತೆಗೆದು ಮಾಡಿದರು, ಮುಂದೆ ಮಾತ್ರ ದಾರಿ ಇರಲಿಲ್ಲ. ಯುನೈಟೆಡ್‌ನವರು ಹಿಂದೆ ಕೋಟೆ ಕಟ್ಟಿ ನಿಂತು, ಚೆಂಡು ಸಿಕ್ಕಿದಾಗಲೆಲ್ಲ ಎತ್ತರದ ಫೆಲೈನಿಯ ತಲೆಯನ್ನು ಗುರಿಯಿಟ್ಟು ಒದೆಯುತ್ತಿದ್ದರು. 18ನೆಯ ನಿಮಿಷಕ್ಕೆ ಪೋಗ್ಬಾ ಹೊಡೆದದ್ದು ಎದುರಾಳಿಯೊಬ್ಬನಿಗೆ ತಾಗಿ ದಿಕ್ಕು ಬದಲಿಸಿ ಒಳಗೆ ಹೋಯಿತು. ವಿರಾಮದ ನಂತರ 48ನೆಯ ನಿಮಿಷಕ್ಕೆ ಮೂಲೆಯ ಒದೆತದಿಂದ ಬಂದ ಚೆಂಡನ್ನು ಮ್ಖಿತಾರ್ಯಾನ್ ಬೆನ್ನು ತಿರುಗಿಸಿಕೊಂಡೇ ಒಳಗೆ ತಳ್ಳಿದ. ಎರಡು-ಸೊನ್ನೆ. ಉಳಿದ ನಲವತ್ತು ನಿಮಿಷ ಏನೂ ಆಗಲಿಲ್ಲ. ಏನೂ ಆಗದ ಹಾಗೆ ಅವರು ನೋಡಿಕೊಂಡರು. 1999ರ ರಾತ್ರಿ ಕಂಡವನಿಗೆ ಇದು ಉಪ್ಪಿಲ್ಲದ ಸಾರು.

ಪಕ್ಕದಲ್ಲಿ ಕೂತಿದ್ದ ಸ್ವೀಡಿಷ್ ಮುದುಕರು ಬೇಸರ ಕಳೆಯಲು ನನ್ನನ್ನು ಮಾತಿಗೆಳೆದರು. ಎಲ್ಲಿಯವನು ಎಂದು ಕೇಳಿದರು. ಮುಂಬಯಿ ಎಂದೆ. ಮೂಲತಃ ಅಲ್ಲಿಯವರೇ ಎಂದರು. ಅಲ್ಲ, ಕುಂದಾಪುರ ಎಂದೆ. ಹಾಗಾದರೆ ನೀನು ಅಲ್ಲಿ ಹುಟ್ಟಿದವನು? ಅದೂ ಅಲ್ಲ. ಈ ಪ್ರಶ್ನೋತ್ತರ ನಿಮಗೆಲ್ಲ ಬಾಯಿಪಾಠವಿರಬೇಕು. ಮುಂಬಯಿಯಲ್ಲಿ ನಾವು ಹೊರಗಿನವರು, ರಜೆಗೆ ಊರಿಗೆ ಹೋದರೆ ‘ಬೊಂಬಾಯಿಯವರು’.

ಆ ವಾರ ಮನಸ್ಸನ್ನು ಕೊರೆಯುತ್ತಿದ್ದದ್ದೂ ಅದೇ. ಬಾಂಬು ಹಾಕಿದವನು ಮ್ಯಾಂಚೆಸ್ಟರಿನಲ್ಲೇ ಹುಟ್ಟಿದ 22ರ ಯುವಕ, ಲಿಬಿಯಾದಿಂದ ಬಂದು ನೆಲೆಸಿದವರ ಮಗ. ಎರಡನೆಯ ತಲೆಮಾರಿನವನು, ನನ್ನ ಹಾಗೆ, ನಿಮ್ಮ ಹಾಗೆ. ಇಲ್ಲೇ ಹುಟ್ಟಿ ಬೆಳೆದವನು ಹೀಗೇಕೆ ಮಾಡಿದ ಎಂಬ ಪ್ರಶ್ನೆ ಹುಟ್ಟುವುದು ಸಹಜ. ಆದರೆ ಅದು ಹಾಗೆಯೇ ಬೆಳೆದು, ಇಂಥವರ ಮಕ್ಕಳನ್ನೆಲ್ಲ ನಂಬಬಹುದೇ ಎಂದಾಗುವುದಕ್ಕೆ ಎಷ್ಟು ಹೊತ್ತು? ಕಣ್ಣ ಮುಂದಿನ ಹುಲ್ಲಿನ ಮೇಲೆ ನೋಡಿದೆ. ಗೋಲು ಹೊಡೆದ ಪೋಗ್ಬಾ ಫ್ರಾನ್ಸಿನಲ್ಲಿ ಹುಟ್ಟಿದವನು, ತಂದೆತಾಯಿ ಗಿನಿಯವರು. ಫೆಲೈನಿ ಬೆಲ್ಜಿಯಮ್ಮಿನಲ್ಲಿ ಹುಟ್ಟಿದ ಮೊರೊಕ್ಕೊ ಮೂಲದವನು. ಅಪ್ಪಟ ಮ್ಯಾಂಚೆಸ್ಟರಿನ ಹುಡುಗ ರ್‍ಯಾಷ್‌ಫರ್ಡ್‌ನ ಅಜ್ಜಿ ಕೆರಿಬಿಯನ್ ದ್ವೀಪದವಳು. ಗಾಯಗೊಂಡು ಆಡದೆ ಕುಳಿತಿದ್ದ ಇಬ್ರಾಹಿಮೋವಿಚ್ ಸ್ವೀಡನ್ನಿನ ಮಾಲ್ಮೋದವನು, ಬೋಸ್ನಿಯಾದ ತಂದೆಗೂ ಕ್ರೊಯೇಷಿಯಾದ ತಾಯಿಗೂ ಹುಟ್ಟಿದವನು. ಕೊನೆಯಲ್ಲಿ ಅವನು ಊರುಗೋಲು ಹಿಡಿದು ಬಂದು ಕಪ್ಪನ್ನು ಎತ್ತಿದಾಗ ಪಕ್ಕದ ಮುದುಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. “ನಮ್ಮ ಹುಡುಗ” ಎಂದರು. ಮೂಲ ಯಾವುದು ಎಂದು ನಾನೂ ಕೇಳಲಿಲ್ಲ.

ತರಬೇತುದಾರ ಮೊರಿನ್ಯೊ ಪಂದ್ಯದ ನಂತರ ಎರಡು ಮಾತು ಹೇಳಿದ್ದನ್ನು ಫೋನಿನಲ್ಲಿ ಓದಿದೆ. ಫುಟ್‌ಬಾಲಿನಲ್ಲಿ ಕವಿಗಳು ಬಹಳ ಇದ್ದಾರೆ, ಅವರು ಕಪ್ಪು ಗೆಲ್ಲುವುದು ಕಡಿಮೆ ಎಂಬುದೊಂದು. ಸತ್ತವರು ಬದುಕಿ ಬರುವುದಾದರೆ ಈ ಕಪ್ಪನ್ನು ಈಗಲೇ ಕೊಟ್ಟುಬಿಡುತ್ತೇವೆ ಎಂಬುದು ಇನ್ನೊಂದು. ಮೊದಲನೆಯದು ನನಗೆ ಒಪ್ಪಿಗೆಯಿಲ್ಲ. ಆಟದ ಮಟ್ಟಿಗೆ ನನ್ನ ಓಟು ಅಯಾಕ್ಸ್ ಹುಡುಗರಿಗೇ. ಆ ತಂಡ 2019ರಲ್ಲಿ ಚಾಂಪಿಯನ್ಸ್ ಲೀಗಿನ ಸೆಮಿಫೈನಲ್ ತನಕ ಹೋಯಿತು, ಅದೇ ಕವಿತ್ವದಿಂದ. ಎರಡನೆಯದು ಮಾತ್ರ ಮನಸ್ಸಿಗೆ ನಾಟಿತು.

2006ರ ಜುಲೈ 11ರ ಸಂಜೆ ನಮ್ಮ ಪಶ್ಚಿಮ ರೈಲ್ವೆಯ ಲೋಕಲ್‌ಗಳಲ್ಲಿ ಹನ್ನೊಂದು ನಿಮಿಷಗಳೊಳಗೆ ಏಳು ಬಾಂಬು ಸಿಡಿದು 180ಕ್ಕೂ ಹೆಚ್ಚು ಜನ ಸತ್ತಾಗ ನಾನು ದಾದರ್ ಪ್ಲಾಟ್‌ಫಾರ್ಮಿನಲ್ಲಿದ್ದೆ. ಬಾಂದ್ರಾದಿಂದ ಎಸ್. ವಿ. ರೋಡ್ ಹಿಡಿದು ಜನಪ್ರವಾಹದೊಂದಿಗೆ ಗೋರೆಗಾಂವ್ ತನಕ ನಡೆದೆ. ದಾರಿಯುದ್ದಕ್ಕೂ ಗುರುತಿಲ್ಲದವರು ನೀರು, ಬಿಸ್ಕತ್ತು ಕೊಟ್ಟರು. ಮರುದಿನ ಬೆಳಗಿನ ನಾಲ್ಕಕ್ಕೆ ಅಪ್ಪಯ್ಯ ಎಂದಿನಂತೆ ಎದ್ದು ಲೋಕಲ್ ಹಿಡಿದು ಹೋಟೆಲಿಗೆ ಹೋದರು. ಪೇಪರಿನವರು ‘ಮುಂಬಯಿಯ ಕೆಚ್ಚು’ ಎಂದು ಹೊಗಳಿದಾಗ ಅವರಿಗೆ ಸಿಟ್ಟು ಬಂದಿತ್ತು. “ಕೆಚ್ಚೂ ಇಲ್ಲ, ಎಂತದೂ ಇಲ್ಲ. ಹೆದರಿಕೆ ಆಗಿತ್ತು. ನಾ ಹೋಗ್ದಿದ್ರೆ ಬಾಗಿಲು ತೆಗೆಯೂದ್ ಯಾರು?” ಅಂದು ಅವರು ಮಾಡಿಸಿದ ಇಡ್ಲಿ ಎಂದಿಗಿಂತ ಮೃದುವಾಗಿತ್ತೋ ಇಲ್ಲವೋ, ಯಾರೂ ಕೇಳಿರಲಾರರು.

ಕೆಂಪು ಗುಹೆಯ ನಿಲ್ದಾಣಕ್ಕೆ ಮರಳಿದಾಗ ಅಯಾಕ್ಸ್ ಶಾಲು ಹೊದ್ದ ಹುಡುಗನೊಬ್ಬ ಬೆಂಚಿನ ಮೇಲೆ ಅಳುತ್ತಿದ್ದ. ಯುನೈಟೆಡ್ ಅಂಗಿಯವರು ನಾಲ್ಕೈದು ಜನ ಹಾಡದೆ ನಿಂತಿದ್ದರು. ಗೆದ್ದವರು ಅಷ್ಟು ಸುಮ್ಮನಿದ್ದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ರೂಮಿಗೆ ಬಂದು ಮಲಗುವಷ್ಟರಲ್ಲಿ ಹನ್ನೆರಡೂವರೆ. ಫೋನು ಬಡಿದುಕೊಂಡಿತು. ಗೋರೆಗಾಂವ್‌ನಲ್ಲಿ ಬೆಳಗಿನ ನಾಲ್ಕು. ಕೆಲಸ ಬಿಟ್ಟು ವರ್ಷಗಳಾಗಿದ್ದರೂ ಅಪ್ಪಯ್ಯನಿಗೆ ಆ ಹೊತ್ತಿಗೆ ಎಚ್ಚರವಾಗುತ್ತದೆ.

“ಮುಟ್ಟಿದ್ಯಾ ರೂಮಿಗೆ?”

“ಮುಟ್ಟಿದೆ ಅಪ್ಪಯ್ಯ.”

“ಗೆದ್ರಾ ನಿನ್ನ ಮ್ಯಾಂಚೆಸ್ಟರಿನವ್ರು?”

“ಗೆದ್ರು. ಆಟ ಮಾತ್ರ ತೀರಾ ಸಪ್ಪೆ.”

“ಆಡಿದ್ರಲ್ಲ. ನಾಳೆ ಆಫೀಸು ಉಂಟಲ್ಲ ನಿಂಗೆ, ಮಲಕೋ” ಎಂದು ಫೋನಿಟ್ಟರು.