ಹೊಕ್ಕುಳು ಬಿದ್ದವರಿಗೆ ಎರಡೇ ಬಟನ್

ಮೂರು ತಿಂಗಳಿಂದ ಆಫೀಸಲ್ಲಿ ನನ್ನ ಕೆಲಸ ಏನು ಗೊತ್ತಾ? ಜರ್ಮನಿಯಲ್ಲಿರೋ, ಟರ್ಕಿಶ್ ಮಾತಾಡೋ ವಯಸ್ಸಾದ ರೋಗಿಗಳಿಗೆ ಟ್ಯಾಬ್ಲೆಟ್ ಮೇಲೆ ಆರೋಗ್ಯದ ಪ್ರಶ್ನೆಗಳನ್ನ ತೋರಿಸೋ ಒಂದು ಅಪ್ಲಿಕೇಶನ್. ನನಗೆ ಟರ್ಕಿಶ್ ಬರಲ್ಲ, ಜರ್ಮನ್ ಬರಲ್ಲ, ಕೂತಿರೋದು ಬೆಂಗಳೂರಲ್ಲಿ. ನಮ್ಮ ಫೀಲ್ಡೇ ಹಾಗಲ್ವಾ :)

ಟೀಮಲ್ಲಿ ಎಲ್ಲರ ಲೆಕ್ಕ ಸರಳವಾಗಿತ್ತು. ಇಂಗ್ಲಿಷ್ ಫೈಲ್ ತೆಗೆದು ಟರ್ಕಿಶ್ ಫೈಲ್ ಹಾಕಿದ್ರೆ ಮುಗೀತು. (ಅದೂ ಅಷ್ಟು ಸುಲಭ ಅಲ್ಲ. ಟರ್ಕಿಶ್‌ನಲ್ಲಿ ಚುಕ್ಕಿ ಇರೋ 'ಐ' ಬೇರೆ ಅಕ್ಷರ, ಚುಕ್ಕಿ ಇಲ್ಲದ್ದು ಬೇರೆ ಅಕ್ಷರ. ದೊಡ್ಡಕ್ಷರ ಚಿಕ್ಕಕ್ಷರ ಬದಲಿಸೋ ಕೋಡ್ ಅಲ್ಲೇ ಎಡವುತ್ತೆ. ಒತ್ತಕ್ಷರ ಒಡೆದುಹೋದ ಕನ್ನಡ ಪುಟ ನೋಡಿದವರಿಗೆ ಈ ನೋವು ಹೊಸದಲ್ಲ ಬಿಡಿ.)

ಇದ್ಯಾಕೆ ಬೇಕು ಅಂದ್ರೆ, 1961ರ ಅಕ್ಟೋಬರ್ 30ರಂದು ಜರ್ಮನಿ ಮತ್ತು ಟರ್ಕಿ ಒಂದು ಒಪ್ಪಂದ ಮಾಡ್ಕೊಂಡ್ವು. ಫ್ಯಾಕ್ಟರಿ, ಗಣಿಗಳಲ್ಲಿ ದುಡಿಯೋಕೆ ಯುವಕ ಯುವತಿಯರು ಹೋದ್ರು. ಒಂದಷ್ಟು ವರ್ಷ ದುಡಿದು ವಾಪಸ್ ಹೋಗ್ತಾರೆ ಅನ್ನೋ ಲೆಕ್ಕ. ಬಹಳ ಜನ ಅಲ್ಲೇ ಉಳಿದ್ರು, ಅಲ್ಲೇ ಮುದುಕರಾದ್ರು. ಅವರಲ್ಲಿ ಶಾಲೆ ಮುಗಿಸದವರೂ ಇದ್ದಾರೆ, ಅದ್ರಲ್ಲೂ ಹೆಂಗಸರು.

ಇವರ ಮಾತು ಡಾಕ್ಟರಿಗೆ ಅರ್ಥ ಆಗೋದೇ ಕಷ್ಟ. 'ಗೋಬೆಯಿಮ್ ದುಶ್ತು' ಅಂತಾರಂತೆ, ಅಂದ್ರೆ 'ನನ್ನ ಹೊಕ್ಕುಳು ಬಿದ್ದಿದೆ'. ಇದನ್ನ ಕೇಳಿದ ಜರ್ಮನ್ ಡಾಕ್ಟರ್ ಏನು ಮಾಡ್ಬೇಕು ಪಾಪ? ನಾನು ಓದಿದ ತಕ್ಷಣ ಕುರ್ಚಿಯಿಂದ ಎದ್ದೆ! ಗದಗಿನಲ್ಲಿ ನಮ್ಮಜ್ಜಿ 'ಬಟ್ಟಿ ಬಿದ್ದೈತಿ' ಅನ್ನೋಳಲ್ಲ, ಅದೇ ಇದು. ಇನ್ನೊಂದು ಮಾತಿದೆ, 'ಜಾನಿಮ್ ಸಿಕಿಲಿಯೋರ್'. ಅಕ್ಷರಶಃ ನೋಡಿದ್ರೆ ಜಾನ್, ಅಂದ್ರೆ ಜೀವ, ಹಿಂಡ್ತಾ ಇದೆ ಅಂತ. ಸಂದರ್ಭ ನೋಡ್ಕೊಂಡು ಅದು ಬೋರ್ ಆಗ್ತಿದೆ ಅಂತಲೂ ಆಗಬಹುದು, ಮನಸ್ಸಿಗೆ ಸಂಕಟ ಅಂತಲೂ ಆಗಬಹುದು.

ಅದಕ್ಕೇ ಬರೀ ಅನುವಾದ ಸಾಲಲ್ಲ. 2000ದಲ್ಲಿ ಡಾರ್ಕಸ್ ಬೀಟನ್ ಮತ್ತವರ ಜೊತೆಗಾರರು 'ಸ್ಪೈನ್' ಪತ್ರಿಕೆಯಲ್ಲಿ ಇದರ ಕ್ರಮ ಬರೆದಿದ್ದಾರೆ. ಇಬ್ಬರು ಬೇರೆ ಬೇರೆಯಾಗಿ ಅನುವಾದಿಸಬೇಕು. ಅವರಲ್ಲೊಬ್ಬರಿಗೆ ವಿಷಯ ಗೊತ್ತಿರಬೇಕು, ಇನ್ನೊಬ್ಬರಿಗೆ ಗೊತ್ತಿರಬಾರದು. ಎರಡನ್ನೂ ಕೂಡಿಸಿದ ಮೇಲೆ, ಮೂಲವನ್ನೇ ನೋಡದ ಇನ್ನಿಬ್ಬರು ಅದನ್ನ ವಾಪಸ್ ಇಂಗ್ಲಿಷಿಗೆ ತರಬೇಕು. ಆಮೇಲೆ ಸಮಿತಿ ಕೂತು ಜಗಳಾಡಬೇಕು (ಈ ಪದ ನನ್ನದು). ಕೊನೆಗೆ 30-40 ಜನರ ಮುಂದಿಟ್ಟು, 'ನಿಮಗೆ ಏನರ್ಥ ಆಯ್ತು?' ಅಂತ ಕೇಳಬೇಕು. ನನಗೆ ತುಂಬಾ ಇಷ್ಟವಾಗಿದ್ದು ಈ ಕೊನೆ ಹಂತ.

ಇಷ್ಟಾದ್ಮೇಲೆ ಅಂಕಿ-ಸಂಖ್ಯೆ. ಅದೇ ವ್ಯಕ್ತಿಗೆ ಕೆಲವು ದಿನ ಬಿಟ್ಟು ಕೇಳಿದ್ರೆ ಅದೇ ಉತ್ತರ ಬರುತ್ತಾ? ಡಾಕ್ಟರ್ ಪರೀಕ್ಷೆ ಮಾಡಿ ಹೇಳಿದ್ದಕ್ಕೂ ಅಂಕಕ್ಕೂ ತಾಳೆ ಆಗುತ್ತಾ? ಎಲ್ಲರೂ ಹಾಡಿ ಹೊಗಳೋ ಕ್ರಾನ್‌ಬಾಕ್ ಆಲ್ಫಾ ಬಗ್ಗೆ ನನಗೆ ಸ್ವಲ್ಪ ಗುಮಾನಿ. ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವಾ ಅಂತಷ್ಟೇ ಅದು ಹೇಳುತ್ತೆ. ಎಲ್ಲರೂ ಒಂದೇ ಥರ ತಪ್ಪು ತಿಳ್ಕೊಂಡ್ರೂ ಆಲ್ಫಾ ಚೆನ್ನಾಗೇ ಬರಬಹುದು!

ಮರೆವಿನ ಪರೀಕ್ಷೆಯಲ್ಲಂತೂ ಇದು ಜೀವನದ ಪ್ರಶ್ನೆ. 1975ರ ಮಿನಿ ಮೆಂಟಲ್ ಪರೀಕ್ಷೆಯಲ್ಲಿ ಓದು, ಬರಹ, ಲೆಕ್ಕ ಎಲ್ಲಾ ಇದೆ. ಶಾಲೆಗೇ ಹೋಗದ ಅಜ್ಜಿ ಅದರಲ್ಲಿ ಅಂಕ ಕಳ್ಕೊಂಡ್ರೆ ಅದು ಮರೆವಾ, ಬಡತನವಾ? ಟರ್ಕಿಯವರು ಇದನ್ನ ಗಮನಿಸಿ ಓದದವರಿಗೆ ಅಂತ ಬೇರೆ ರೂಪವನ್ನೇ ಇಟ್ಕೊಂಡಿದ್ದಾರೆ. ಸಿಡ್ನಿಯಲ್ಲಿ 2004ರಲ್ಲಿ ಬಂದ ರೂಡಾಸ್ ಅನ್ನೋ ಪರೀಕ್ಷೆ ಇನ್ನೂ ಜಾಣತನದ್ದು. ಅಂಗಡಿಯಿಂದ ತರಬೇಕಾದ ನಾಲ್ಕು ಸಾಮಾನು ನೆನಪಿಟ್ಕೊಳ್ಳಿ ಅನ್ನುತ್ತೆ: ಟೀ, ಅಡುಗೆ ಎಣ್ಣೆ, ಮೊಟ್ಟೆ, ಸೋಪು. ಇದಕ್ಕೆ ಯಾವ ಶಾಲೆ ಬೇಕು ಹೇಳಿ?

ನಮ್ಮ ಅಪ್ಲಿಕೇಶನ್‌ನಲ್ಲಿ ವಯಸ್ಸಾದವರ ಖಿನ್ನತೆ ಅಳೆಯೋ ಮಾಪನವೂ ಇದೆ. ಮೂವತ್ತು ಪ್ರಶ್ನೆ, ಉತ್ತರ ಹೌದು ಅಥವಾ ಇಲ್ಲ. ಮುಪ್ಪಿನಲ್ಲಿ ಕೈಕಾಲು ನೋವು ಎಲ್ಲರಿಗೂ ಇರುತ್ತೆ ಅಂತ ಮೈನೋವಿನ ಪ್ರಶ್ನೆಗಳನ್ನ ಬೇಕಂತಲೇ ಬಿಟ್ಟಿದ್ದಾರೆ. ನ್ಯಾಯವೇ. ಆದ್ರೆ ದುಃಖವನ್ನ ಹೊಕ್ಕುಳಲ್ಲಿ, ಎದೆಯಲ್ಲಿ ಹೇಳೋರು ಏನ್ಮಾಡ್ಬೇಕು? ಎರ್ತಾನ್ ಮತ್ತು ಏಕೆರ್ 2000ದಲ್ಲಿ ಟರ್ಕಿಶ್ ರೂಪವನ್ನ ಪರೀಕ್ಷಿಸಿ ಬರೆದ ಲೇಖನದ ತಲೆಬರಹದಲ್ಲೇ, ಸಂಸ್ಕೃತಿ ಬದಲಾದ್ರೆ ಈ ಪ್ರಶ್ನೆಗಳ ಒಳಗಿನ ಜೋಡಣೆಯೂ ಬದಲಾಗುತ್ತಾ ಅಂತ ಕೇಳಿದ್ದಾರೆ.

ಇನ್ನು ಬಾಳಿನಲ್ಲಿ ತೃಪ್ತಿ ಇದೆಯಾ ಅಂತ ಕೇಳಿದ್ರೆ ಟರ್ಕಿಯ ಹಿರಿಯರ ಬಾಯಲ್ಲಿ ಬರೋ ಮಾತು 'ಚೋಕ್ ಶುಕುರ್', ದೇವರ ದಯೆ. ನಮ್ಮಲ್ಲಿ 'ದೇವ್ರು ಇಟ್ಟಂಗೆ' ಅನ್ನಲ್ವಾ ಹಾಗೆ. ಅದು ಹೌದಾ, ಇಲ್ವಾ? ನನ್ನ ಸ್ಕ್ರೀನಲ್ಲಿ ಇರೋದು ಎರಡೇ ಬಟನ್.

ಹೋದ ವಾರ ಒಂದು ಪ್ರಶ್ನೆ ಸ್ಕ್ರೀನಿಗೆ ಹಿಡಿಯಲಿಲ್ಲ. 'ಎರಡು ಪದ ಕತ್ತರಿಸು, ಯಾರಿಗೆ ಗೊತ್ತಾಗುತ್ತೆ' ಅಂದ್ರು ನಮ್ಮ ಲೀಡ್. ನಾನು ಒಪ್ಪಲಿಲ್ಲ. ಅಷ್ಟು ಜನ ಕೂತು ಪರೀಕ್ಷಿಸಿದ್ದು ಆ ವಾಕ್ಯವನ್ನ. ಕತ್ತರಿಸಿದ್ರೆ ಅದು ಯಾರೂ ಪರೀಕ್ಷಿಸದ ಹೊಸ ಪ್ರಶ್ನೆ. ಅಕ್ಷರ ಚಿಕ್ಕದು ಮಾಡೋಣ ಅಂದ್ರೆ ಎಪ್ಪತ್ತೈದರ ಕಣ್ಣಿಗೆ ಕಾಣಲ್ಲ. ಎರಡು ದಿನ ಮುಖ ಊದಿಸ್ಕೊಂಡು ಓಡಾಡಿದ್ವಿ. ಈಗ ಒಂದು ಸ್ಕ್ರೀನಿಗೆ ಒಂದೇ ಪ್ರಶ್ನೆ, ದಪ್ಪಕ್ಷರದಲ್ಲಿ. ಡೆಡ್‌ಲೈನ್ ಹತ್ತು ದಿನ ಮುಂದೆ ಹೋಯ್ತು. ಕಾಗದದಲ್ಲಿ ಬರೋ ಉತ್ತರವೇ ಟ್ಯಾಬ್ಲೆಟ್ಟಲ್ಲೂ ಬರುತ್ತಾ ಅಂತ ಆಸ್ಪತ್ರೆಯವರು ಇನ್ನೊಮ್ಮೆ ನೋಡ್ಬೇಕು, ಅದು ಬೇರೆ ಕಥೆ.

ಅಂದಹಾಗೆ, ನಿಮ್ಮನೇಲಿ ಅಜ್ಜ-ಅಜ್ಜಿ ಬೇಜಾರನ್ನ ಏನಂತ ಹೇಳ್ತಾರೆ? 'ಬಟ್ಟಿ ಬಿದ್ದೈತಿ' ಥರದ್ದು ಇನ್ನೇನಿದೆ? ಕಾಮೆಂಟಲ್ಲಿ ಬರೀರಿ.