ರೈನ್ ನದಿಯಲ್ಲಿ ಒಂದು ನಿಧಾನ ಪಯಣ

ನದಿಮೂಲ, ಋಷಿಮೂಲ ಕೆದಕಬಾರದು ಎಂಬ ಮಾತು ನಮ್ಮಲ್ಲಿದೆ. ರೈನ್ ನದಿಯ ಮೂಲದ ಬಗ್ಗೆ ತಕರಾರಿಲ್ಲ. ಅದು ಹುಟ್ಟುವುದು ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತದಲ್ಲಿ. ತಪ್ಪಿದ್ದು ಉದ್ದದ ಲೆಕ್ಕ. ದಶಕಗಳ ಕಾಲ ವಿಶ್ವಕೋಶಗಳು ಅದನ್ನು 1320 ಕಿಲೋಮೀಟರ್ ಎಂದೇ ಹೇಳುತ್ತ ಬಂದವು. 2010ರಲ್ಲಿ ಬ್ರೂನೋ ಕ್ರೆಮರ್ ಎಂಬ ಜೀವವಿಜ್ಞಾನಿ ಹಳೆಯ ದಾಖಲೆ ತೆಗೆದು ನೋಡಿದರೆ, ನದಿ ಇದ್ದದ್ದು ಸುಮಾರು 1230 ಕಿಲೋಮೀಟರ್! ಯಾರೋ ಒಬ್ಬರು ಎರಡು ಅಂಕಿಗಳನ್ನು ಅದಲುಬದಲು ಮಾಡಿರಬೇಕು. ಉಳಿದವರು ನೋಡಿ ಬರೆದುಕೊಂಡಿದ್ದರು.

ಈ ನದಿಯ ಅತಿ ಚೆಲುವಾದ ಭಾಗ ಇರುವುದು ಜರ್ಮನಿಯ ಮೈಂಜ್ ಮತ್ತು ಕೊಬ್ಲೆಂಜ್ ಊರುಗಳ ನಡುವೆ. ರೈಲಿನಲ್ಲಿ ಹೋದರೆ ಸುಮಾರು ಒಂದು ಗಂಟೆ, ಪ್ರವಾಸಿ ಹಡಗಿನಲ್ಲಿ ಅರ್ಧ ದಿನ. ಆದರೂ ಬೇಸಿಗೆ ಬಂತೆಂದರೆ ಹಡಗಿನ ಡೆಕ್ಕಿನ ಮೇಲೆ ಕುರ್ಚಿಗಳು ಭರ್ತಿ. ಇಲ್ಲಿ ಯಾರಿಗೂ ಅವಸರವಿಲ್ಲ.

ಮೈಂಜ್ ಎಂದರೆ ಗುಟೆನ್‌ಬರ್ಗನ ಊರು. ಅಚ್ಚುಮೊಳೆ ಜೋಡಿಸಿ ಆತ ಬೈಬಲ್ ಮುದ್ರಿಸಿ ಮುಗಿಸಿದ್ದು 1455ರ ಸುಮಾರಿಗೆ. ಇದೇ ನದಿಯ ದಂಡೆಯಲ್ಲಿ, ಇನ್ನೂ ಮೇಲಕ್ಕೆ, ಬಾಸೆಲ್ ನಗರವಿದೆ. ಅಲ್ಲಿನ ಮಿಷನ್ನಿನಿಂದ ಬಂದ ಹರ್ಮನ್ ಮೊಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಕನ್ನಡ ಪತ್ರಿಕೆ ಓದುವವರಿಗೂ ರೈನ್ ದಂಡೆಯ ಋಣ ಸ್ವಲ್ಪ ಇದೆ.

ಸುಂಕದ ಕೋಟೆಗಳು

ಬಿಂಗೆನ್ ದಾಟಿದ ಮೇಲೆ ಕಣಿವೆ ಇಕ್ಕಟ್ಟಾಗುತ್ತದೆ. ಎರಡೂ ಬದಿಗೆ ಕಡಿದಾದ ಇಳಿಜಾರು, ಅದರ ಮೇಲೆ ದ್ರಾಕ್ಷಿ ತೋಟ, ನೆತ್ತಿಯಲ್ಲಿ ಕೋಟೆ. ಸುಮಾರು 65 ಕಿಲೋಮೀಟರ್ ಹಾದಿಯಲ್ಲಿ 40ರಷ್ಟು ಕೋಟೆಗಳು. 2002ರಲ್ಲಿ ಯುನೆಸ್ಕೊ ಈ ಕಣಿವೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಷ್ಟೊಂದು ಕೋಟೆ ಏಕೆ? ಮುಖ್ಯ ಕಾರಣ ಸುಂಕ. ರಸ್ತೆಗಳು ಕೆಟ್ಟಿದ್ದ ಕಾಲದಲ್ಲಿ ವ್ಯಾಪಾರವೆಲ್ಲ ನೀರಿನ ಮೇಲೆ. ದಂಡೆಯ ಪ್ರತಿ ಪಾಳೆಯಗಾರನಿಗೂ ಅದರಲ್ಲಿ ಪಾಲು ಬೇಕು. ಕೌಬ್ ಊರಿನ ಎದುರು, ನದಿಯ ನಡುಗಡ್ಡೆಯ ಮೇಲೆ ಹಡಗಿನ ಆಕಾರದ ಪುಟ್ಟ ಕೋಟೆಯೊಂದಿದೆ. 14ನೇ ಶತಮಾನದಲ್ಲಿ ಕಟ್ಟಿದ್ದು. ಸರಪಳಿ ಬಿಗಿದು ದೋಣಿ ತಡೆದು ಸುಂಕ ವಸೂಲಿ. ಈ ವ್ಯವಹಾರ 19ನೇ ಶತಮಾನದವರೆಗೂ ನಡೆಯಿತು.

ಮುಂದೆ ಲೋರೆಲೈ ಬಂಡೆ, 132 ಮೀಟರ್ ಎತ್ತರ. ಬಂಡೆಯ ಮೇಲೆ ಕುಳಿತು ಹೊಂಗೂದಲು ಬಾಚುವ ಸುಂದರಿಯ ಹಾಡಿಗೆ ಮರುಳಾಗಿ ಅಂಬಿಗರು ಮುಳುಗುತ್ತಾರೆಂಬ ಕಥೆಯನ್ನು ಹೈನ್ರಿಶ್ ಹೈನೆಯ ಕವಿತೆ ಮನೆಮಾತು ಮಾಡಿತು. ಕಥೆ ಹೇಗೇ ಇರಲಿ, ತಿರುವು ಮಾತ್ರ ನಿಜಕ್ಕೂ ಅಪಾಯದ್ದು. 2011ರ ಜನವರಿಯಲ್ಲಿ ಗಂಧಕಾಮ್ಲ ಹೊತ್ತ ಟ್ಯಾಂಕರ್ ಹಡಗೊಂದು ಇದೇ ಬಂಡೆಯ ಬಳಿ ಮಗುಚಿತು.

ಕೊಬ್ಲೆಂಜ್‌ನಲ್ಲಿ ಮೊಸೆಲ್ ನದಿ ಬಂದು ಸೇರುತ್ತದೆ. ನಮ್ಮ ಕೂಡಲಿಯಂತೆ ಊರಿನ ಹೆಸರಿನಲ್ಲೇ ಸಂಗಮವಿದೆ. ಲ್ಯಾಟಿನ್ನಿನ ಮೂಲಪದಕ್ಕೆ ಅದೇ ಅರ್ಥ. ಇನ್ನೂ ಕೆಳಗೆ ಬೆಥೊವನ್ ಹುಟ್ಟಿದ ಬಾನ್, ಆಮೇಲೆ ಕಲೋನ್. ಅಲ್ಲಿನ 157 ಮೀಟರ್ ಎತ್ತರದ ಕ್ಯಾಥೆಡ್ರಲ್‌ಗೆ ಅಡಿಗಲ್ಲು ಬಿದ್ದದ್ದು 1248ರಲ್ಲಿ, ಕೆಲಸ ಮುಗಿದದ್ದು 1880ರಲ್ಲಿ! ನಡುವೆ ಕೆಲಸ ನಿಂತೇ ಹೋಗಿತ್ತು.

ಸತ್ತು ಬದುಕಿದ ನದಿ

ಡೆಕ್ಕಿನಿಂದ ತಿಳಿಯಾಗಿ ಕಾಣುವ ಈ ನೀರು 1986ರ ನವೆಂಬರ್ 1ರಂದು ಕೆಂಪಾಗಿತ್ತು. ಬಾಸೆಲ್ ಸಮೀಪದ ರಾಸಾಯನಿಕ ಗೋದಾಮಿಗೆ ಬೆಂಕಿ ಬಿದ್ದು, ಆರಿಸಲು ಸುರಿದ ನೀರಿನ ಜತೆ ಕೀಟನಾಶಕಗಳೂ ನದಿಗೆ ಹರಿದವು. ಮೀನುಗಳು ರಾಶಿ ರಾಶಿಯಾಗಿ ಸತ್ತವು. ಮರುವರ್ಷವೇ ದಂಡೆಯ ದೇಶಗಳು ಒಟ್ಟಾಗಿ, 2000ನೇ ಇಸವಿಯೊಳಗೆ ಸಾಲ್ಮನ್ ಮೀನು ಮರಳಬೇಕೆಂಬ ಗುರಿ ಇಟ್ಟುಕೊಂಡವು. ಸಾಲ್ಮನ್ ಮರಳಿತು.

ಈಗ ಚಿಂತೆ ಬೇರೆ. 2018 ಮತ್ತು 2022ರ ಬರದಲ್ಲಿ ನೀರು ಎಷ್ಟು ಇಳಿಯಿತೆಂದರೆ ಸರಕು ಹಡಗುಗಳು ಹೊರೆ ಇಳಿಸಿಕೊಂಡು ಸಾಗಬೇಕಾಯಿತು. ಕೆಲವು ಪ್ರವಾಸಿ ಹಡಗುಗಳ ಜನ ಬಸ್ಸು ಹತ್ತಿದರು. ನೀರಿನ ಮಟ್ಟ ತಿಳಿಯಲು ನಾವಿಕರೆಲ್ಲ ನೋಡುವ ಮುಖ್ಯ ಅಳತೆಪಟ್ಟಿ ಇರುವುದು ಅದೇ ಕೌಬ್‌ನಲ್ಲಿ. 2018ರ ಅಕ್ಟೋಬರ್‌ನಲ್ಲಿ ಅದು ತೋರಿಸಿದ್ದು ಬರೀ 25 ಸೆಂಟಿಮೀಟರ್. ಹಿಂದೆ ಸರಪಳಿ ದೋಣಿಗಳನ್ನು ತಡೆದ ಜಾಗದಲ್ಲಿ ಈಗ ಬರವೇ ತಡೆಯುತ್ತಿದೆ. ಸುಂಕ ಕೊಟ್ಟರೆ ಸರಪಳಿ ಸಡಿಲವಾಗುತ್ತಿತ್ತು. ಬರಕ್ಕೆ ಕೊಡುವ ಸುಂಕ ಯಾವುದು?